ಶಾಲೆಯ ಪೂಜೆಗೆ ಒಪ್ಪಿಗೆ ಕೇಳಿದವರು ಯಾರು?

ಸರ್ಕಾರಿ ಶಾಲೆಯಲ್ಲಿ ಸರಸ್ವತಿ ಪೂಜೆ ಮಾಡಬಹುದೇ, ಗೋಡೆಗೆ ದೇವರ ಫೋಟೊ ತೂಗುಹಾಕಬಹುದೇ ಎಂಬ ಜಗಳ ಎದ್ದಾಗಲೆಲ್ಲ ಎರಡೂ ಕಡೆಯವರು ಸಂವಿಧಾನದ ಹೆಸರು ಹೇಳುತ್ತಾರೆ. 28ನೇ ವಿಧಿಯನ್ನು ಕೊನೆಯ ಸಾಲಿನವರೆಗೆ ಓದಿದವರು ಮಾತ್ರ ಕಡಿಮೆ. ಅದರಲ್ಲಿರುವುದು ಮೂರೇ ಉಪವಿಧಿ.

28(1) ಹೇಳುವುದು: ಸಂಪೂರ್ಣವಾಗಿ ಸರ್ಕಾರದ ಹಣದಲ್ಲೇ ನಡೆಯುವ ಶಿಕ್ಷಣ ಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಕೂಡದು. ಊರಿನವರೆಲ್ಲ ಸೇರಿ ಒಪ್ಪಿದರೂ ಕೂಡದು. 28(2) ಅದಕ್ಕಿರುವ ವಿನಾಯಿತಿ. ಧಾರ್ಮಿಕ ಬೋಧನೆ ಇರಲೇಬೇಕೆಂಬ ಷರತ್ತಿನ ದತ್ತಿ ಅಥವಾ ಟ್ರಸ್ಟ್‌ನಿಂದ ಹುಟ್ಟಿ, ಈಗ ಸರ್ಕಾರ ಆಡಳಿತ ನಡೆಸುತ್ತಿರುವ ಸಂಸ್ಥೆಗೆ ಮೊದಲ ನಿಷೇಧ ತಾಗುವುದಿಲ್ಲ. ನಿಜವಾಗಿ ಕೆಲಸಕ್ಕೆ ಬರುವುದು 28(3). ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿ ಓದುವ ಯಾರನ್ನೂ ಅಲ್ಲಿನ ಧಾರ್ಮಿಕ ಬೋಧನೆಯಲ್ಲಿ ಭಾಗವಹಿಸುವಂತೆ, ಅಲ್ಲಿನ ಪೂಜೆ-ಆರಾಧನೆಗೆ ಹಾಜರಾಗುವಂತೆ ಕಡ್ಡಾಯ ಮಾಡುವಂತಿಲ್ಲ. ಅವರು ಒಪ್ಪಿಗೆ ಕೊಟ್ಟಿರಬೇಕು, ಅಪ್ರಾಪ್ತರಾದರೆ ಪೋಷಕರು ಕೊಟ್ಟಿರಬೇಕು.

ಇಲ್ಲೊಂದು ಸಂದು ಇದೆ. ಮೊದಲ ಉಪವಿಧಿ ಬೋಧನೆಯನ್ನಷ್ಟೇ ತಡೆಯುತ್ತದೆ. ಆರಾಧನೆಯ ಮಾತು ಬರುವುದು ಮೂರನೆಯದರಲ್ಲಿ. ಹಾಗಾಗಿ "ನಾವು ಪಾಠ ಮಾಡುತ್ತಿಲ್ಲ, ವರ್ಷಕ್ಕೊಂದು ದಿನ ಪೂಜೆ ಅಷ್ಟೆ" ಎಂದು ಸರ್ಕಾರಿ ಶಾಲೆಯವರು ವಾದಿಸಲು ಜಾಗ ಉಳಿದಿದೆ. ಆ ವಾದವನ್ನು ಒಪ್ಪಿಕೊಂಡರೂ ಒಪ್ಪಿಗೆಯ ಷರತ್ತು ಹೋಗುವುದಿಲ್ಲ. ನಮ್ಮ ಶಾಲೆಗಳು ಅದನ್ನು ತಲೆಕೆಳಗು ಮಾಡಿಕೊಂಡಿವೆ. ಬೇಡವೆಂದವರು ಹೇಳಿ, ಬಿಡುತ್ತೇವೆ ಎನ್ನುವುದು ರೂಢಿ. ವಿಧಿ ಹೇಳುವುದು, ಬೇಕೆಂದವರಿಂದ ಮೊದಲು ಒಪ್ಪಿಗೆ ಪಡೆಯಿರಿ ಎಂದು. ಕೈ ಎತ್ತಿ "ನನಗೆ ಬೇಡ" ಎನ್ನುವ ಭಾರವನ್ನು ಎಂಟು ವರ್ಷದ ಮಗುವಿನ ಮೇಲೆ ಹೊರಿಸುವ ಮಾತು ಅದರಲ್ಲಿ ಎಲ್ಲೂ ಇಲ್ಲ.

ಅಲ್ಪಸಂಖ್ಯಾತ ಎಂಬ ಮಾತೂ ಈ ವಿಧಿಯಲ್ಲಿಲ್ಲ. ಕಾನ್ವೆಂಟಿನ ಪ್ರಾರ್ಥನಾ ಮಂದಿರಕ್ಕೆ ಸಾಲಾಗಿ ಹೋಗುವ ಹಿಂದೂ ಹುಡುಗಿಗೂ, ಮಠದ ಅನುದಾನಿತ ಶಾಲೆಯಲ್ಲಿ ಭಜನೆಗೆ ಕೂರುವ ಮುಸ್ಲಿಂ ಹುಡುಗನಿಗೂ, ದೇವರನ್ನೇ ನಂಬದವರ ಮಗುವಿಗೂ ರಕ್ಷಣೆ ಒಂದೇ. 30ನೇ ವಿಧಿ ಅಲ್ಪಸಂಖ್ಯಾತರಿಗೆ ತಮ್ಮ ಶಾಲೆ ತೆರೆದು ನಡೆಸುವ ಹಕ್ಕು ಕೊಟ್ಟಿದೆ, ಬೇರೆಯವರ ಮಕ್ಕಳನ್ನು ಆರಾಧನೆಗೆ ಕೂರಿಸುವ ಹಕ್ಕನ್ನಲ್ಲ.

ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರ್‌ನಲ್ಲಿ ಇದರ ಚರ್ಚೆ ಬಂದಾಗ ಅಂಬೇಡ್ಕರ್ ಕೊಟ್ಟ ಕಾರಣಗಳು ತೀರಾ ವ್ಯಾವಹಾರಿಕ. ಎಲ್ಲರ ತೆರಿಗೆ ಹಣದಲ್ಲಿ ಒಂದು ಧರ್ಮವನ್ನು ಕಲಿಸುವುದು ಸರಿಯಲ್ಲ. ಎಲ್ಲ ಧರ್ಮಗಳನ್ನೂ ಕಲಿಸಹೊರಟರೆ ಅದು ಆಗುವ ಮಾತಲ್ಲ. ಧರ್ಮಗಳ ಬಗ್ಗೆ ತಿಳಿಸಿಕೊಡುವುದು ಬೇರೆ ವಿಷಯ. ಗುರುನಾನಕರ ಜೀವನ ಮತ್ತು ಬೋಧನೆಗಳ ಅಧ್ಯಯನ ಧಾರ್ಮಿಕ ಬೋಧನೆಯಾಗದು ಎಂದು ಸುಪ್ರೀಂ ಕೋರ್ಟ್ 1971ರ ಡಿಎವಿ ಕಾಲೇಜು ಪ್ರಕರಣದಲ್ಲಿ ಹೇಳಿತು. ಶಾಲಾ ಪಠ್ಯಕ್ರಮದಲ್ಲಿ ಧರ್ಮಗಳ ಪರಿಚಯ ಇರಬಹುದೇ ಎಂಬ ಪ್ರಶ್ನೆಯ ಮೇಲಿನ 2002ರ ಅರುಣಾ ರಾಯ್ ತೀರ್ಪಿನ ದಾರಿಯೂ ಅದೇ. ಕೇಂದ್ರೀಯ ವಿದ್ಯಾಲಯಗಳ "ಅಸತೋ ಮಾ ಸದ್ಗಮಯ" ಪ್ರಾರ್ಥನೆಯ ಪ್ರಶ್ನೆಯನ್ನು ಮಾತ್ರ ಇಬ್ಬರು ನ್ಯಾಯಮೂರ್ತಿಗಳ ಪೀಠ ತಾನೇ ತೀರ್ಮಾನಿಸದೆ, 2019ರ ಜನವರಿಯಲ್ಲಿ ದೊಡ್ಡ ಪೀಠದ ಕಡೆಗೆ ಕಳಿಸಿತು.

ಇನ್ನು ಗೋಡೆ. ಫೋಟೊ ಬಗ್ಗೆ 28ನೇ ವಿಧಿಯಲ್ಲಿ ಒಂದಕ್ಷರವೂ ಇಲ್ಲ. ಹೊರದೇಶದ ನ್ಯಾಯಾಲಯಗಳೂ ಒಂದೇ ಮಾತು ಆಡಿಲ್ಲ. ಅಮೆರಿಕದ ಕೆಂಟಕಿ ರಾಜ್ಯ 16x20 ಇಂಚಿನ ದಶಾಜ್ಞೆ (ಬೈಬಲ್ಲಿನ ಹತ್ತು ಕಟ್ಟಳೆ) ಫಲಕವನ್ನು ಪ್ರತಿ ತರಗತಿಯಲ್ಲೂ ಹಾಕಿಸಿದ್ದನ್ನು ಅಲ್ಲಿನ ಸುಪ್ರೀಂ ಕೋರ್ಟ್ 1980ರಲ್ಲಿ ತಳ್ಳಿಹಾಕಿತು. ಹಣ ಖಾಸಗಿ ದೇಣಿಗೆಯದು ಎಂಬ ಸಮಜಾಯಿಷಿ ನಡೆಯಲಿಲ್ಲ. ತರಗತಿಯಲ್ಲಿ ಶಿಲುಬೆ ಕಡ್ಡಾಯ ಮಾಡಿದ್ದ ಬವೇರಿಯಾದ ನಿಯಮವನ್ನು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ 1995ರಲ್ಲಿ ಒಪ್ಪಲಿಲ್ಲ. ಇಟಲಿಯ ಶಿಲುಬೆಯನ್ನು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2011ರಲ್ಲಿ, ಸುಮ್ಮನೆ ಗೋಡೆಯಲ್ಲಿರುವ ಸಂಕೇತ ಎಂದು, 15–2 ಬಹುಮತದಿಂದ ಉಳಿಸಿತು.

ನಮ್ಮ ಶಾಲೆಗಳ ಮಟ್ಟಿಗೆ, ಫೋಟೊದ ಮುಂದೆ ಮಗು ಏನು ಮಾಡಬೇಕಾಗಿದೆ ಎಂಬುದನ್ನು ನೋಡುವುದೇ ಸರಿಯಾದ ಅಳತೆ ಎಂದು ನನ್ನ ಅಭಿಪ್ರಾಯ. ಇತಿಹಾಸದ ಚಾರ್ಟುಗಳ ನಡುವೆ ಬುದ್ಧ, ಬಸವಣ್ಣ, ಯೇಸು ಇದ್ದರೆ ಅದು ಪಾಠದ ಸಾಮಗ್ರಿ. ಕಪ್ಪುಹಲಗೆಯ ನೆತ್ತಿಯ ಮೇಲೆ ಒಂದೇ ದೇವರ ಫೋಟೊ, ಅದಕ್ಕೆ ದಿನವೂ ಕುಂಕುಮ, ಹೂವು, ಊದಿನಕಡ್ಡಿ, ಸರದಿಯ ಮೇಲೆ ಮಕ್ಕಳಿಂದಲೇ ಕೈಮುಗಿಸುವುದು ಇದ್ದರೆ ಅದು ಆರಾಧನೆ. 28(3) ಅಲ್ಲಿಗೆ ಬರುತ್ತದೆ. ಹಿಜಾಬ್ ಪ್ರಕರಣವನ್ನು ಇದರೊಳಗೆ ಬೆರೆಸಬೇಡಿ. ಅಲ್ಲಿದ್ದದ್ದು ವಿದ್ಯಾರ್ಥಿನಿ ತಾನೇ ತೊಟ್ಟ ಉಡುಪು, ಇಲ್ಲಿರುವುದು ಸಂಸ್ಥೆಯೇ ಹಾಕಿದ್ದು. ಆ ಪ್ರಕರಣದಲ್ಲಿ 2022ರ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು.

"ಮೇಲಿನಿಂದ ಸುತ್ತೋಲೆ ಬಂದಿದೆ" ಎಂಬ ಉತ್ತರಕ್ಕೆ ಮದ್ದು 1986ರ ಬಿಜೋ ಇಮ್ಯಾನುಯೆಲ್ ತೀರ್ಪು. ಕೇರಳದಲ್ಲಿ 10, 9 ಮತ್ತು 5ನೇ ತರಗತಿಯ ಮೂವರು ಮಕ್ಕಳು ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಂತರೂ ತಮ್ಮ ನಂಬಿಕೆಯ ಕಾರಣಕ್ಕೆ ಹಾಡುತ್ತಿರಲಿಲ್ಲ. ಶಾಲೆ ಅವರನ್ನು ಹೊರಹಾಕಿತು. ಹಾಡಲೇಬೇಕೆಂಬ ಕಾನೂನು ಇಲ್ಲ, ಶಾಸನದ ಬಲವಿಲ್ಲದ ಇಲಾಖಾ ಸುತ್ತೋಲೆಯಿಂದ ಮೂಲಭೂತ ಹಕ್ಕನ್ನು ಮೊಟಕು ಮಾಡಲಾಗದು ಎಂದ ಸುಪ್ರೀಂ ಕೋರ್ಟ್, ಮಕ್ಕಳನ್ನು ಮತ್ತೆ ಸೇರಿಸಿಕೊಳ್ಳಲು ಆದೇಶಿಸಿತು. ಆದ್ದರಿಂದ ಮೊದಲು ಆ ಸುತ್ತೋಲೆಯ ಪ್ರತಿ ಕೇಳಿ. ಕೊಡದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ. ಪೂಜೆಯ ಖರ್ಚು, ಸುತ್ತೋಲೆ, ಸಭೆಯ ನಡಾವಳಿ ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಮೊದಲ ವಿಷಯಕ್ಕಷ್ಟೇ ಉತ್ತರ ಕೊಟ್ಟು, ಉಳಿದದ್ದಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು.

ಮುಖ್ಯ ಶಿಕ್ಷಕರಿಗೆ ಕೊಡುವ ಪತ್ರ ಚಿಕ್ಕದಿರಲಿ. "ಸಂವಿಧಾನದ 28(3)ನೇ ವಿಧಿಯಂತೆ, ಶಾಲೆಯ ಪೂಜೆ ಹಾಗೂ ಧಾರ್ಮಿಕ ಪ್ರಾರ್ಥನೆಗೆ ನನ್ನ ಮಗಳು ಹಾಜರಾಗಲು ನಾನು ಒಪ್ಪಿಗೆ ನೀಡಿಲ್ಲ. ಆ ಅವಧಿಯಲ್ಲಿ ಆಕೆಯನ್ನು ಶಿಕ್ಷಕರೊಬ್ಬರ ನಿಗಾದಲ್ಲಿ ಕೂರಿಸಿ, ಹಾಜರಾತಿ ಕೊಡಬೇಕಾಗಿ ಕೋರುತ್ತೇನೆ." ಇಷ್ಟು ಸಾಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಮೊಹರು, ದಿನಾಂಕ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ ಮುಗಿಸಿದರೆ ಮುಂದೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯಲ್ಲಿ ತೋರಿಸಲು ಏನೂ ಇರುವುದಿಲ್ಲ. ಕೂರಿಸುವ ಜಾಗವನ್ನು ಬರೆಯದೆ ಬಿಟ್ಟರೆ ಮಗು ಕಾರಿಡಾರಿನಲ್ಲಿ ನಿಲ್ಲುತ್ತದೆ, ನೋಡಿದವರಿಗೆ ಶಿಕ್ಷೆಯಂತೆ ಕಾಣುತ್ತದೆ.

ಪತ್ರ ಕೊಟ್ಟ ಮೇಲೆ ತರಗತಿಯಲ್ಲಿ ಮಗುವನ್ನು ಹಂಗಿಸಿದರೆ ದಾರಿ ಬೇರೆ. ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಾನಸಿಕ ಕಿರುಕುಳವನ್ನು ನಿಷೇಧಿಸುತ್ತದೆ. 32ನೇ ಸೆಕ್ಷನ್ ಪ್ರಕಾರ ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ಕೊಟ್ಟರೆ ಮೂರು ತಿಂಗಳಲ್ಲಿ ತೀರ್ಮಾನವಾಗಬೇಕು. ಅದರ ಮೇಲಿನ ಮೇಲ್ಮನವಿ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ. ದೂರಿನಲ್ಲಿ ಕಿರುಕುಳದ ವಿವರವನ್ನೇ ಬರೆಯಿರಿ: ಯಾವ ದಿನ, ಯಾರು, ಏನೆಂದರು. ಧರ್ಮದ ಚರ್ಚೆ ತುಂಬಿಸಿದರೆ "ಇದು ನಮ್ಮ ವ್ಯಾಪ್ತಿಯಲ್ಲಿಲ್ಲ" ಎಂದು ಕಡತ ಮುಚ್ಚುವುದು ಅವರಿಗೆ ಸುಲಭ. ಸುಪ್ರೀಂ ಕೋರ್ಟಿನ 2014ರ ಪ್ರಮತಿ ತೀರ್ಪಿನಂತೆ ಈ ಕಾಯ್ದೆ ಅಲ್ಪಸಂಖ್ಯಾತ ಶಾಲೆಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿ ನೇರವಾಗಿ 28(3) ಹಿಡಿದು ಇಲಾಖೆಗೆ ಬರೆಯಬೇಕು, ಆಗದಿದ್ದರೆ ಹೈಕೋರ್ಟಿನಲ್ಲಿ ರಿಟ್.

ಪ್ರವೇಶ ಅರ್ಜಿಯ ಕೊನೆಯಲ್ಲಿ "ಶಾಲೆಯ ಎಲ್ಲ ಕಾರ್ಯಕ್ರಮಗಳಿಗೆ ನನ್ನ ಸಮ್ಮತಿ ಇದೆ" ಎಂಬ ಸಾಲಿದ್ದರೆ ಸಹಿಗೆ ಮುನ್ನ ಪಕ್ಕದಲ್ಲೇ "ಪೂಜೆ, ಧಾರ್ಮಿಕ ಬೋಧನೆ ಹೊರತುಪಡಿಸಿ" ಎಂದು ಬರೆದು, ಆ ಪುಟದ ಫೋಟೊ ತೆಗೆದಿಟ್ಟುಕೊಳ್ಳಿ. ಪಿಯುಸಿ ಮಕ್ಕಳ ವಿಷಯದಲ್ಲಿ ಒಂದು ಗಮನಿಸಿ: 18 ತುಂಬಿದ ದಿನದಿಂದ ಒಪ್ಪಿಗೆ ವಿದ್ಯಾರ್ಥಿಯದು, ತಂದೆತಾಯಿಯದಲ್ಲ. ಅಪ್ಪ ಕೊಟ್ಟಿದ್ದ ಒಪ್ಪಿಗೆಯನ್ನು ಮಗ ನಿರಾಕರಿಸಬಹುದು, ಅಪ್ಪ ಬೇಡವೆಂದಿದ್ದ ಪೂಜೆಗೆ ಮಗ ಹೋಗಲೂಬಹುದು.