ಪಟ್ನಾದವರ ಪದ್ಧತಿಯಲ್ಲಿ ಒಂದು ಹುಂಜ

1777ರ ಹೊತ್ತಿಗೆ ಕಲ್ಕತ್ತೆಯ ಮುಖ್ಯ ನ್ಯಾಯಾಧೀಶ ಎಲಿಜಾ ಇಂಪಿಯ ಹೆಂಡತಿ ಮೇರಿ, ಮನೆಯಲ್ಲಿ ಸಾಕಿದ್ದ ಹಕ್ಕಿಗಳನ್ನು ಪಟ್ನಾದ ಶೇಖ್ ಜೈನುದ್ದೀನ್, ಭವಾನಿ ದಾಸ್, ರಾಮ್ ದಾಸ್ ಎಂಬ ಮೂವರಿಂದ ಬರೆಸತೊಡಗಿದಳು. ಇಂಗ್ಲೆಂಡಿನ ವಾಟ್‌ಮನ್ ಕಾಗದ, ಜಲವರ್ಣ, ಸಾಧ್ಯವಾದಲ್ಲಿ ಹಕ್ಕಿಯ ನಿಜಗಾತ್ರ. ಮೊನ್ನೆ ಅದೇ ಕ್ರಮದಲ್ಲಿ ನಾಟಿ ಹುಂಜವೊಂದನ್ನು ಬರೆಯಲು ಕೂತಾಗ ಇಡೀ ದಿನ ಹಿಡಿಯಿತು.

ಹಿಂದಿನ ರಾತ್ರಿಯೇ 300 ಜಿಎಸ್‌ಎಂನ, ಅಂದರೆ ಚದರ ಮೀಟರಿಗೆ 300 ಗ್ರಾಂ ತೂಗುವ, ನಯವಾದ ಕಾಗದವನ್ನು ನೆನೆಸಿ, ಅಂಟುಪಟ್ಟಿಯಿಂದ ಹಲಗೆಗೆ ಬಿಗಿದು ಮಲಗಿಸಿಟ್ಟದ್ದಾಗಿತ್ತು. ನಿಲ್ಲಿಸಿ ಒಣಗಿಸಿದರೆ ನೀರು ಕೆಳಗಿಳಿದು ಮೇಲಂಚು ಮೊದಲು ಒಣಗುತ್ತದೆ, ಪಟ್ಟಿ ಕಿತ್ತುಬರುತ್ತದೆ. ಬೆಳಗ್ಗೆ ಪೆನ್ಸಿಲ್ ಹಿಡಿಯುವ ಮುನ್ನ ಕಣ್ಣು, ಜುಟ್ಟು, ಕಾಲುಗಳ ಬಣ್ಣವನ್ನು ಚೂರು ಕಾಗದದ ಮೇಲೆ ಕಲಸಿ ಗುರುತು ಮಾಡಿಕೊಂಡದ್ದು. ಸತ್ತ ಹಕ್ಕಿಯಲ್ಲಿ ಮೊದಲು ಮಾಸುವುದು ಇವೇ. ಒಣಚರ್ಮ ನೋಡಿ ಬರೆದ ಹಳೆಯ ಯುರೋಪಿನ ಚಿತ್ರಗಳಲ್ಲಿ ಕಣ್ಣು ಗಾಜಿನಂತಿರುವುದಕ್ಕೆ ಕಾರಣವೂ ಇದೇ.

ಅಳತೆಗೆ ಕೈವಾರ ಸಾಕು. ಕೊಕ್ಕಿನ ತುದಿ, ಉಗುರು, ಬಾಲದ ಬಾಗಿದ ಗರಿ, ಈ ಮೂರು ಜಾಗ ಮೊದಲು ನಿಗದಿಯಾಗಬೇಕು. ಇಲ್ಲದಿದ್ದರೆ ಬಾಲ ಕಾಗದ ದಾಟುತ್ತದೆ. ಗರಿಗಳನ್ನು ತಲೆಯಿಂದ ಬಾಲದ ಕಡೆಗೆ ಬರೆಯುವುದು ಕ್ರಮ: ಮೇಲಿನದು ಪೂರ್ತಿ, ಅದರಡಿಯದು ಕಾಣುವಷ್ಟು ಮಾತ್ರ. ರೆಕ್ಕೆಯ ದೊಡ್ಡ ಗರಿಗಳು ಹತ್ತಿದ್ದರೂ ಮಡಚಿದಾಗ ಬಹುಪಾಲು ಒಳಗೆ ಅಡಗಿರುತ್ತವೆ. ಗೊತ್ತಿದೆಯೆಂದು ಹತ್ತನ್ನೂ ತೋರಿಸಿದರೆ ಹುಂಜ ಬೀಸಣಿಗೆಯಾಗುತ್ತದೆ.

ಕೊರಳಿಗೆ ಹಳದಿ ಮಣ್ಣಿನ ತೆಳುಲೇಪ. ಅದು ಚೆನ್ನಾಗಿ ಒಣಗಿದ ಮೇಲೆ, ಅಳಿಲುಕೂದಲಿನ ಕುಂಚದಲ್ಲಿ ಕಾವಿಯಿಂದ ಪ್ರತಿ ಗರಿಯ ನಡುಗೆರೆ. ಕುಂಚ ಒದ್ದೆಯಾದರೆ ಗೆರೆ ಹಬ್ಬುತ್ತದೆ, ಒಣಗಿದ್ದರೆ ಕಡಿಯುತ್ತದೆ.

ನಿಜವಾದ ಕಷ್ಟ ಬಾಲದ್ದು. ಆ ಹಸಿರು ಮಿಂಚು ಬಣ್ಣದ ಪುಡಿಯಿಂದಲ್ಲ, ಗರಿಯ ಸೂಕ್ಷ್ಮ ರಚನೆಯಲ್ಲಿ ಬೆಳಕು ಆಡುವುದರಿಂದ ಹುಟ್ಟಿದ್ದು. ಕೋಳಿ ಒಂದು ಹೆಜ್ಜೆ ಇಟ್ಟರೆ ಮಿಂಚು ಜಾಗ ಬದಲಿಸುತ್ತದೆ. ಆದ್ದರಿಂದ ಒಂದು ಕ್ಷಣದ ಮಿಂಚನ್ನು ಪೆನ್ಸಿಲ್‌ನಲ್ಲಿ ಗುರುತಿಸಿ, ಆಮೇಲೆ ಕೋಳಿ ಏನೇ ಮಾಡಲಿ, ಅದಕ್ಕೇ ಅಂಟಿಕೊಳ್ಳಬೇಕು. ಇಡೀ ಗರಿಗೆ ಮೊದಲು ತೆಳು ಹಸಿರು, ಒಣಗಿದ ಮೇಲೆ ಮಿಂಚಿನ ಪಟ್ಟಿ ಬಿಟ್ಟು ನೀಲಿ, ಅಂಚಿಗೆ ನೀಲಿ-ಕಂದು ಬೆರೆಸಿದ ಗಾಢ ಬಣ್ಣ. ಬರಿ ಕಪ್ಪು ಬಳಿದರೆ ಗರಿ ಮಸಿಯಾಗುತ್ತದೆ. ಕೊನೆಗೆ ಗೋಂದಿನ ಹೊಳಪು: ಗೋಂದು ಒಂದು ಪಾಲು, ಬಿಸಿನೀರು ಎರಡು; ಕರಗಿದ ಮೇಲೆ ಮತ್ತಷ್ಟು ನೀರು. ದಪ್ಪ ಹಚ್ಚಿದರೆ ಒಣಗುತ್ತಾ ಬಿರುಕು ಬಿಡುತ್ತದೆ.

ಬಿಳಿಗೆ ಕಾಗದವೇ ಸಾಕು. ಬಳಿಯಲೇಬೇಕಾದರೆ ಟೈಟೇನಿಯಂ ಬಿಳಿ. ಹಳಬರ ಸೀಸದ ಬಿಳಿ ಗಾಳಿಯಲ್ಲಿನ ಗಂಧಕದ ಅನಿಲ ತಾಗಿ ಕಪ್ಪಾಗುತ್ತದೆ. ಹಳೆಯ ಚಿತ್ರಗಳ ಎದೆಯ ಮೇಲಿನ ವಿಚಿತ್ರ ಮಚ್ಚೆಗಳನ್ನು ಗರಿಯ ಗುರುತೆಂದು ನಂಬಬೇಡಿ.

ಆ ಮೂವರು ಪಾರಸಿ ಲಿಪಿಯಲ್ಲಿ ಹೆಸರು ಬರೆದುಕೊಂಡದ್ದು ಚಿತ್ರದ ಮೂಲೆಯಲ್ಲಿ. ಹಿಮಾಲಯದ ಮೋನಾಲ್ ಎಂಬ ಹಕ್ಕಿಯ ವೈಜ್ಞಾನಿಕ ಹೆಸರಿನಲ್ಲಿ ಉಳಿದದ್ದು ಮಾತ್ರ ಇಂಪಿ ಎಂಬ ಹೆಸರು.

ಚಿತ್ರವನ್ನು ಹಲಗೆಯಿಂದ ಬಿಡಿಸಲು ಮರುದಿನದವರೆಗೆ ಕಾಯಬೇಕು. ಗೋಂದು ಹಸಿಯಿರುವಾಗ ಮೇಲೆ ಗಾಜಿಟ್ಟರೆ ಬಾಲ ಗಾಜಿಗೆ ಹೋಗುತ್ತದೆ.