ಅಯೋನಾಗೆ ಹೋಗೋರು ಒಂದು ರಾತ್ರಿ ಅಲ್ಲೇ ಉಳ್ಕೊಳ್ಳಿ

ನಾವು ಸ್ಕಾಟ್ಲೆಂಡಿನ ಅಯೋನಾ ದ್ವೀಪಕ್ಕೆ ಎರಡು ಸಲ ಹೋದ್ವಿ, ಮೊದಲ್ನೇದು ಬಹುಪಾಲು ದಂಡ. ಬೆಳಗ್ಗೆ ಒಬಾನ್ ಬಿಟ್ಟು ಸಾಯಂಕಾಲ ವಾಪಸ್ ಬರೋ ಡೇ ಟ್ರಿಪ್, ದ್ವೀಪದಲ್ಲಿ ಸಿಕ್ಕಿದ್ದು ಎರಡೂವರೆ ಗಂಟೆ, ಅದ್ರಲ್ಲಿ ಊಟದ ಕ್ಯೂಗೇ ಮುಕ್ಕಾಲು ಗಂಟೆ ಹೋಯ್ತು. ದೊಡ್ಡ ಅಬೆ (ಕ್ರೈಸ್ತ ಸನ್ಯಾಸಿಗಳ ಮಠ) ಮುಂದೆ ಫೋಟೋ ಹೊಡ್ಕೊಂಡು ಓಡಿ ಬಂದ್ವಿ. ಮನೆಗೆ ಬಂದು ಓದಿದ್ಮೇಲೆ ಗೊತ್ತಾಯ್ತು, ಯಾರ ಜಾಗ ಅಂತ ನೋಡೋಕೆ ಹೋಗಿದ್ವೋ ಆ ಕೊಲಂಬಾ, ಅಂದ್ರೆ ಇಲ್ಲಿ ಮೊದಲು ಮಠ ಕಟ್ಟಿದ ಐರ್ಲೆಂಡಿನ ಸಂತ, ಈ ಕಟ್ಟಡ ಕಂಡೇ ಇಲ್ಲ! ಅವರು ತೀರ್ಕೊಂಡಿದ್ದು 597ರಲ್ಲಿ, ಈಗಿರೋ ಕಲ್ಲಿನ ಅಬೆ 1200ರ ಸುಮಾರಿಗೆ ಬೆನೆಡಿಕ್ಟೈನ್ ಸನ್ಯಾಸಿಗಳು ಶುರು ಮಾಡಿದ್ದು. ಕೊಲಂಬಾ ಕಾಲದ ಮಠ ಅಂದ್ರೆ ಮರ, ತಡಿಕೆ, ಮಣ್ಣು.

ದಾರಿ ಹೀಗಿದೆ. ಗ್ಲಾಸ್ಗೋದಿಂದ ಒಬಾನ್‌ಗೆ ರೈಲು, ಮೂರು ಗಂಟೆ ಮೇಲೆ. ಅಲ್ಲಿಂದ ಮಲ್ ದ್ವೀಪದ ಕ್ರೇಗ್ನ್ಯೂರ್‌ಗೆ ಫೆರ್ರಿ, ಮುಕ್ಕಾಲು ಗಂಟೆ ಚಿಲ್ಲರೆ. ಆಮೇಲೆ ಫಿನ್ನಫರ್ಟ್‌ವರೆಗೆ ಬಸ್ಸು, ಸುಮಾರು 60 ಕಿಲೋಮೀಟರ್‌ಗೆ ಒಂದೂಕಾಲು ಗಂಟೆ, ಯಾಕಂದ್ರೆ ಒಂದೇ ಗಾಡಿ ಹೋಗೋ ರಸ್ತೆ. ಕೊನೇಗೆ ಹತ್ತು ನಿಮಿಷದ ಸಣ್ಣ ಫೆರ್ರಿ. ಸ್ವಂತ ಕಾರು ತಗೊಂಡು ಹೋಗೋರು ಅದನ್ನ ಫಿನ್ನಫರ್ಟ್‌ನಲ್ಲೇ ಬಿಡ್ಬೇಕು, ಟೂರಿಸ್ಟ್ ಕಾರು ಅಯೋನಾದೊಳಗೆ ಬಿಡಲ್ಲ. ಗಾಳಿ ಜೋರಾದ್ರೆ ಫೆರ್ರಿ ನಿಲ್ಲುತ್ತೆ, ಹಾಗಾಗಿ ಮಾರನೇ ದಿನಕ್ಕೇ ಫ್ಲೈಟ್ ಇಟ್ಕೋಬೇಡಿ. ಇನ್ನೂರು ಜನಾನೂ ಇಲ್ಲದ ಊರು, ರೂಮು ಕಡಿಮೆ, ಬೇಸಿಗೆಗೆ ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿ. ವೆಜ್ ಸಿಗುತ್ತೆ ಆದ್ರೆ ಸೂಪು ಬ್ರೆಡ್ಡೇ ಜಾಸ್ತಿ, ನಾವು ಚಪಾತಿ ಮತ್ತೆ ಚಟ್ನಿಪುಡಿ ಒಯ್ದಿದ್ದು ಪುಣ್ಯ.

ಎರಡನೇ ಸಲ ನಾವು ಅಬೆಗೆ ಹೋಗದೆ ಮೊದಲು ದಕ್ಷಿಣಕ್ಕೆ ನಡೆದ್ವಿ, ನೀವೂ ಹಾಗೇ ಮಾಡಿ. ಕೊಲಂಬಾ ಬೇ ಅಂತ ಒಂದು ಕಲ್ಲಿನ ತೀರ ಇದೆ, ಕೊಲಂಬಾ ಐರ್ಲೆಂಡಿನಿಂದ 12 ಜನ ಜೊತೆಗಾರರನ್ನ ಕಟ್ಕೊಂಡು 563ರಲ್ಲಿ ಬಂದಿಳಿದಿದ್ದು ಇಲ್ಲೇ ಅಂತ ಪ್ರತೀತಿ. ಹೋಗಿ ಬರೋಕೆ ಮೂರ್ನಾಲ್ಕು ಗಂಟೆ ಇಟ್ಕೊಳ್ಳಿ, ಮಧ್ಯೆ ಕೆಸರು, ನನ್ನ ಯಜಮಾನ್ರ ಸ್ಪೋರ್ಟ್ಸ್ ಶೂ ಅಲ್ಲೇ ಗತಿ ಕಾಣ್ತು. ಸಾಮಾನ್ಯದವರಲ್ಲ ಈ ಕೊಲಂಬಾ, ಐರ್ಲೆಂಡಿನ ಡೊನೆಗಾಲ್ ಕಡೆಯ ರಾಜಮನೆತನದ ಹುಡುಗ, ಮನಸ್ಸು ಮಾಡಿದ್ರೆ ರಾಜ್ಯಕ್ಕೇ ಕೈ ಹಾಕಬಹುದಿತ್ತು. 561ರಲ್ಲಿ ಕೂಲ್ ದ್ರೆವ್ನೆ ಅನ್ನೋ ಕಡೆ ನಡೆದ ಯುದ್ಧಕ್ಕೂ ಇವರಿಗೂ ನಂಟಿತ್ತು. ಗುರುಗಳ ಪುಸ್ತಕನ ಕೇಳ್ದೆ ಕಾಪಿ ಮಾಡ್ಕೊಂಡ್ರು, ಜಗಳ ರಾಜನ ಹತ್ರ ಹೋಯ್ತು, "ಹಸು ಯಾರದೋ ಕರುನೂ ಅವರದೇ" ಅಂತ ತೀರ್ಪು ಬಂತು, ಅದಕ್ಕೇ ಯುದ್ಧ ಆಯ್ತು ಅಂತ ಕಥೆ. ಕಥೆ ಎಷ್ಟೋ ಶತಮಾನ ಆದ್ಮೇಲಿನದು, ಆದ್ರೆ ಚೆನ್ನಾಗಿದೆ.

ಇಲ್ಲಿ ಮಠಾಧಿಪತಿ ಅಂದ್ರೆ ಬರೀ ಪೂಜೆ ಮಾಡ್ಕೊಂಡಿರೋರಲ್ಲ. ಕೊಲಂಬಾ ಬಿಷಪ್ ಆಗಲೇ ಇಲ್ಲ, ಆದ್ರೂ ಈ ಸೀಮೆಯಲ್ಲಿ ಬಿಷಪ್‌ಗಳೂ ಅಯೋನಾದ ಮಠಾಧಿಪತಿಯ ಮಾತು ಕೇಳ್ಬೇಕಿತ್ತು ಅಂತ 8ನೇ ಶತಮಾನದ ಇಂಗ್ಲಿಷ್ ಇತಿಹಾಸಕಾರ ಬೀಡ್ ಬರೆದಿದಾರೆ. ಇವರ ನಂತರ ಪೀಠಕ್ಕೆ ಬಂದೋರು ಬಹುತೇಕ ಇವರ ಕುಲದವರೇ. ನಮ್ಮ ಮಠಗಳ ಉತ್ತರಾಧಿಕಾರದ ಗಲಾಟೆ ನೋಡಿರೋ ನಮಗೆ ಇದೇನು ಹೊಸದಾ!

ಅಬೆಗೆ ಟಿಕೆಟ್ ಇದೆ. ಅದರ ಹಿಂಬದಿಯ ಮ್ಯೂಸಿಯಂ ಬಿಡ್ಬೇಡಿ, ಹೊರಗೆ ಸೇಂಟ್ ಮಾರ್ಟಿನ್ ಶಿಲುಬೆ 8ನೇ ಶತಮಾನದಿಂದ ನಿಂತಿದೆ. ಫೆರ್ರಿ ನಿಲ್ಲೋ ಜೆಟ್ಟಿ ಪಕ್ಕದ ಮಾರ್ಟರ್ಸ್ ಬೇ, 806ರಲ್ಲಿ ವೈಕಿಂಗ್ ದಾಳಿಕೋರರು 68 ಜನರನ್ನ ಕೊಂದಿದ್ದು ಅಲ್ಲೇ ಅಂತಾರೆ.

ಇಷ್ಟು ಮುಗಿಸ್ಕೊಂಡು ಡೇ ಟ್ರಿಪ್‌ನೋರ ಕೊನೇ ಫೆರ್ರಿ ಹೋಗೋವರೆಗೂ ಸುಮ್ನೆ ಕೂತ್ಕೊಳ್ಳಿ. ಅಬೆ ಎದುರಿಗೇ ಒಂದು ಸಣ್ಣ ಬಂಡೆದಿಬ್ಬ, ಟೋರ್ ಆನ್ ಆಬಾ, ಮಠಾಧಿಪತಿಯ ದಿಬ್ಬ ಅಂತ ಅರ್ಥ. ಮೊದಲ್ನೇ ಸಲ ಇದರ ಪಕ್ಕದಲ್ಲೇ ನಡ್ಕೊಂಡು ಹೋಗಿ ನೋಡಿರಲಿಲ್ಲ. 1957ರಲ್ಲಿ ಅಗೆದಾಗ ಇಲ್ಲಿ ಸುಟ್ಟ ತಡಿಕೆ ಗುಡಿಸಲಿನ ಇದ್ದಿಲು ಸಿಕ್ತು. ಅದನ್ನ ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಇಟ್ಟಿದ್ರಂತೆ, 2017ರಲ್ಲಿ ಎಷ್ಟು ಹಳೇದು ಅಂತ ಹೇಳೋ ರೇಡಿಯೋಕಾರ್ಬನ್ ಟೆಸ್ಟ್ ಫಲಿತಾಂಶ ಬಂದಾಗ 540ರಿಂದ 650ರ ನಡುವಿನದು ಅಂತ ತಿಳೀತು. ಅಂದ್ರೆ ಕೊಲಂಬಾ ಕೂತು ಬರೀತಿದ್ದ ಗುಡಿಸಲೇ ಇರಬಹುದು. ಮಳೆ ಬಂದಿದ್ರೆ ಹುಷಾರು, ಬಂಡೆ ಜಾರುತ್ತೆ.

ಜೂನ್‌ನಲ್ಲಿ ರಾತ್ರಿ ಹತ್ತಕ್ಕೂ ಬೆಳಕಿರುತ್ತೆ. ಅಲ್ಲಿ ಕೂತು ಕೊಲಂಬಾ ಕೊನೇ ದಿನದ ಕಥೆ ಓದಿದ್ವಿ, ಒಂಬತ್ತನೇ ಮಠಾಧಿಪತಿ ಅದೊಮ್ನಾನ್ ಸುಮಾರು ನೂರು ವರ್ಷದ ಮೇಲೆ ಬರೆದಿದ್ದು. ಕಣಜ ನೋಡ್ಕೊಂಡು ವಾಪಸ್ ಬರ್ತಾ ಮುದುಕರು ದಾರಿಬದೀಲಿ ಕೂತಿದಾರೆ, ಮಠಕ್ಕೆ ಹಾಲಿನ ಪಾತ್ರೆ ಹೊರೋ ಬಿಳೀ ಕುದುರೆ ಬಂದು ಎದೆ ಮೇಲೆ ತಲೆ ಇಟ್ಟು ಅಳುತ್ತೆ, ಸೇವಕ ಓಡಿಸೋಕೆ ಹೋದ್ರೆ ಬೇಡ, ಬಿಡು ಅಂತಾರೆ. ಆಮೇಲೆ ಗುಡಿಸಲಿಗೆ ಹೋಗಿ ಕೀರ್ತನೆ ಪುಸ್ತಕ ನಕಲು ಮಾಡ್ತಾ ಒಂದು ಪುಟದ ಕೊನೇಲಿ ನಿಲ್ಲಿಸ್ತಾರೆ, ಮುಂದಿಂದು ಬೈಥೀನ್ (ಇವರ ನಂತರ ಪೀಠಕ್ಕೆ ಬಂದೋರು) ಬರೀಲಿ ಅಂತ. ಅವತ್ತು ನಡುರಾತ್ರಿ ಗಂಟೆ ಹೊಡೆದಾಗ ಎಲ್ಲರಿಗಿಂತ ಮುಂಚೆ ಚರ್ಚಿಗೆ ಓಡಿ ಅಲ್ಲೇ ಪ್ರಾಣ ಬಿಟ್ರು.

ಗಾಳಿ ಸಿಕ್ಕಾಪಟ್ಟೆ, ಜೂನ್ ಆದ್ರೂ ಜಾಕೆಟ್ ಬೇಕೇ ಬೇಕು. ಆ ಕಥೆನ ಮೊದಲೇ ಫೋನಿಗೆ ಡೌನ್‌ಲೋಡ್ ಮಾಡ್ಕೊಂಡು ಹೋಗಿ.