ಸಿರ್ಮಿಯೋನೆ ಕೋಟೆ ಮಾಡೆಲ್: ದೋಣಿಕೊಳದ ಗೋಡೆ ಎದ್ದಿತು

ಸಿರ್ಮಿಯೋನೆ ಕೋಟೆಯ ಮಾಡೆಲ್‌ನಲ್ಲಿ ದೋಣಿಕೊಳದ, ಅಂದರೆ ಕೋಟೆಯ ದೋಣಿಗಳು ನಿಲ್ಲುವ ಕೊಳದ, ಗೋಡೆಗಳು ಕೊನೆಗೂ ನಿಂತವು. ಫೆವಿಕಾಲ್ ಇನ್ನೂ ಪೂರ್ತಿ ಒಣಗಿಲ್ಲ, ಬಟ್ಟೆ ಕ್ಲಿಪ್ ಹಾಕಿ ಬಿಗಿದಿಟ್ಟಿದ್ದೇನೆ. ಇಡೀ ಮಾಡೆಲ್‌ನಲ್ಲಿ ನನಗೆ ಅತಿ ಇಷ್ಟದ ಭಾಗ ಇದೇ.

ಹೊಸದಾಗಿ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. ಉತ್ತರ ಇಟಲಿಯ ಗಾರ್ದಾ ಸರೋವರದ ದಕ್ಷಿಣ ದಡದಿಂದ ನೆಲದ ಪಟ್ಟಿಯೊಂದು ಸುಮಾರು 4 ಕಿ.ಮೀ. ನೀರಿನೊಳಕ್ಕೆ ಚಾಚಿಕೊಂಡಿದೆ. ಆಕಾರ ಥೇಟ್ ಸೌಟಿನದು. ಉದ್ದಕ್ಕೆ ಸಣ್ಣ ಹಿಡಿ, ತುದಿಯಲ್ಲಿ ಅಗಲ. ಹಿಡಿ ಮುಗಿದು ಅಗಲ ಶುರುವಾಗುವ ಕಡೆ ಅಡ್ಡಲಾಗಿ ನೀರು ಹರಿಯುತ್ತದೆ, ಅಲ್ಲೇ ಕೋಟೆ. ಅದರ ಪಕ್ಕದ ಸೇತುವೆ ದಾಟಿದರೆ ಮಾತ್ರ ಸಿರ್ಮಿಯೋನೆಯ ಹಳೇ ಊರು.

ಕೋಟೆಯನ್ನು 1:250 ಅಳತೆಯಲ್ಲಿ ಮಾಡುತ್ತಿದ್ದೇನೆ. 47 ಮೀಟರ್ ಎತ್ತರದ ದೊಡ್ಡ ಗೋಪುರ ಇಲ್ಲಿ 19 ಸೆಂ.ಮೀ.ಗೆ ತುಸು ಕಡಿಮೆ. ಸರೋವರವನ್ನೂ ಇದೇ ಅಳತೆಯಲ್ಲಿ ಮಾಡೋದು ಕನಸಿನ ಮಾತು, 4 ಕಿ.ಮೀ. ಪಟ್ಟಿಯೊಂದೇ 16 ಮೀಟರ್ ಆಗುತ್ತದೆ. ಹಾಗಾಗಿ ಇಡೀ ಗಾರ್ದಾವನ್ನು ಬೇರೆ ಹಲಗೆ ಮೇಲೆ 1:50,000ಕ್ಕೆ ಇಳಿಸಿ, ಮೌಂಟ್ ಬೋರ್ಡ್ ಪದರ ಕತ್ತರಿಸಿ ಒಂದರ ಮೇಲೊಂದು ಅಂಟಿಸಿದೆ. ಈಗ ಸರೋವರ ಒಂದು ಮೀಟರ್ ಉದ್ದ ಇದೆ. 346 ಮೀಟರ್ ಆಳ ಬರೀ 7 ಮಿ.ಮೀ. ತಗ್ಗಾಯಿತು. ಪೂರ್ವ ದಡದ ಮೊಂತೆ ಬಾಲ್ದೋ ಬೆಟ್ಟ, 2,218 ಮೀಟರ್, ನಾಲ್ಕೂವರೆ ಸೆಂ.ಮೀ. ಎತ್ತರಕ್ಕೆ ನಿಂತಿದೆ. ಹಿಮನದಿ ಕೊರೆದುಕೊಂಡು ಬಂದ ದಾರಿ ಇದು ಅನ್ನೋದು ಬೆರಳಿಟ್ಟರೆ ಗೊತ್ತಾಗುತ್ತದೆ. ಉತ್ತರದಲ್ಲಿ ಬೆಟ್ಟಗಳ ನಡುವೆ ಇಕ್ಕಟ್ಟು, ದಕ್ಷಿಣಕ್ಕೆ ಬಂದ ಕೂಡಲೇ ಬಯಲು. ಆ ಬಯಲಿನ ಸುತ್ತ ಕಾಣುವ ಸಣ್ಣ ದಿಬ್ಬಗಳೆಲ್ಲ ಹಿಮನದಿ ತಂದು ಸುರಿದ ಕಲ್ಲುಮಣ್ಣು.

ಈ ಹಲಗೆ ಮೇಲೆ ಕೋಟೆಗಳಿಗೆ ಕೆಂಪು ಗುಂಡುಪಿನ್ನು ಚುಚ್ಚಿದಾಗಲೇ ನನಗೆ ಸಿರ್ಮಿಯೋನೆ ನಿಜವಾಗಿ ಅರ್ಥವಾಗಿದ್ದು. 13 ಮತ್ತು 14ನೇ ಶತಮಾನದಲ್ಲಿ ವೆರೋನಾ ಆಳುತ್ತಿದ್ದ ದೆಲ್ಲಾ ಸ್ಕಾಲಾ ಮನೆತನದ ಕೋಟೆಗಳವು. ಮಾಲ್ಚೆಸಿನೆ, ತೊರ್ರಿ, ಲಾಜಿಸೆ ಮೂರೂ ಪೂರ್ವ ದಡದಲ್ಲೇ ಸಾಲಾಗಿ ಬರುತ್ತವೆ. ಸಿರ್ಮಿಯೋನೆ ಒಂದೇ ಸಾಲು ಬಿಟ್ಟು ಪಶ್ಚಿಮಕ್ಕೆ, ನೀರಿನ ನಡುವೆ. ಆಚೆಗೆ ಬ್ರೆಷಾ ನಗರ. 14ನೇ ಶತಮಾನದ ಉತ್ತರಾರ್ಧದಲ್ಲಿ ಅದು ಮಿಲಾನಿನ ವಿಸ್ಕೊಂತಿ ಮನೆತನದ ಕೈಯಲ್ಲಿತ್ತು. ಅಂದರೆ ಇದು ವೆರೋನಾದವರ ಗಡಿಠಾಣೆ, ದೋಣಿಪಡೆಯ ನೆಲೆ. ಇವತ್ತು ಊರು ಬ್ರೆಷಾ ಜಿಲ್ಲೆಯಲ್ಲೇ ಇದೆ!

ಅದಕ್ಕೇ ದೋಣಿಕೊಳದ ಬಗ್ಗೆ ನನಗಿಷ್ಟು ಆಸೆ. ಕೋಟೆಯ ಮಗ್ಗುಲಿಗೆ ಅಂಟಿಕೊಂಡಂತೆ ನೀರಿನಲ್ಲೇ ಗೋಡೆ ಎಬ್ಬಿಸಿ, ಒಳಗೆ ದೋಣಿ ನಿಲ್ಲಲು ಜಾಗ ಮಾಡಿದ್ದಾರೆ. ಶತ್ರುವಿಗೂ ಸಿಗಬಾರದು, ಬಿರುಗಾಳಿಗೂ ಸಿಗಬಾರದು. ಈ ಸರೋವರದಲ್ಲಿ ಬೆಳಗ್ಗೆ ಉತ್ತರದಿಂದ ಪೆಲೇರ್ ಗಾಳಿ, ಮಧ್ಯಾಹ್ನದ ಮೇಲೆ ದಕ್ಷಿಣದಿಂದ ಓರಾ ಗಾಳಿ. ಸುಮ್ನೆ ದಡದಲ್ಲಿ ಕಟ್ಟಿಹಾಕಿದರೆ ದೋಣಿ ಉಳಿಯೋದು ಕಷ್ಟ ಅಲ್ವಾ? 14ನೇ ಶತಮಾನದ ಇಂಥ ಕೋಟೆ-ಬಂದರು ಇಷ್ಟು ಚೆನ್ನಾಗಿ ಉಳಿದಿರೋದು ತೀರಾ ಅಪರೂಪ. ಜನ ಗೋಪುರದ ಫೋಟೋ ತೆಗೆದುಕೊಂಡು ಹೋಗುತ್ತಾರೆ, ನೋಡಬೇಕಾದ್ದು ಇದನ್ನು.

ಗೋಡೆಗಳ ಮೇಲೆ ಇನ್ನು ತೆನೆ, ಅಂದರೆ ಕೋಟೆಗೋಡೆಯ ತುದಿಯಲ್ಲಿ ಹಲ್ಲಿನಂತೆ ಕಾಣುವ ಸಾಲು, ಕೂರಿಸಬೇಕು. ಇಲ್ಲಿನ ತೆನೆಗಳು ಕವಲುತೋಕೆ ಹಕ್ಕಿಯ ಬಾಲದಂತೆ ಮೇಲೆ ಸೀಳಿರುತ್ತವೆ. ಮೊದಲು ಉದ್ದ ಪಟ್ಟಿಗೆ ಸಾಲಾಗಿ V ಆಕಾರದ ಕಚ್ಚು ಹಾಕಿ, ಆಮೇಲೆ ಬಿಡಿ ಬಿಡಿಯಾಗಿ ಕತ್ತರಿಸುತ್ತೇನೆ. ಬ್ಲೇಡ್ ಹೊಸದಿರಬೇಕು, ಮೊಂಡಾದರೆ ಬೋರ್ಡಿನ ಅಂಚು ಜುಂಗು ಬಿಡುತ್ತದೆ.

ಊರಿನ ಮನೆಗಳನ್ನು ಮಾಡುವಾಗ ಕೈ ಯಾಕೋ ನಿಧಾನವಾಗುತ್ತದೆ. ಈ ಕೋಟೆ ಈಗಿನ ರೂಪಕ್ಕೆ ಬರುವ ಮೊದಲು, 13ನೇ ಶತಮಾನದಲ್ಲಿ, ಕ್ಯಾಥರ್ ಎಂಬ ಕ್ರೈಸ್ತ ಪಂಥದವರು ಇಲ್ಲಿ ಬಂದು ಆಶ್ರಯ ಪಡೆದಿದ್ದರು. ಚರ್ಚಿನ ಕಣ್ಣಲ್ಲಿ ಅವರು ಧರ್ಮದ್ರೋಹಿಗಳು. 1276ರಲ್ಲಿ ದೆಲ್ಲಾ ಸ್ಕಾಲಾ ಸೈನ್ಯ ಬಂದು ಅವರನ್ನು ಹಿಡಿದುಕೊಂಡು ಹೋಯಿತು. 1278ರ ಫೆಬ್ರವರಿಯಲ್ಲಿ ವೆರೋನಾದ ರೋಮನ್ ಅರೇನಾದಲ್ಲಿ ನೂರಕ್ಕೂ ಹೆಚ್ಚು ಜನರನ್ನು ಜೀವಂತ ಸುಟ್ಟರು. ಪೋಪ್ ಜೊತೆ ರಾಜಿಯಾಗಲು ಆ ಮನೆತನ ಕೊಟ್ಟ ಬೆಲೆ ಅದು, ತೆತ್ತವರು ಇವರು. ಪ್ರವಾಸಿ ಫಲಕದಲ್ಲಿ ಒಂದು ಸಾಲಲ್ಲಿ ಮುಗಿಸುವ ವಿಷಯ ಅಲ್ಲ. ಮಾಡೆಲ್‌ನ ಪಕ್ಕದ ಚೀಟಿಯಲ್ಲಿ ಗೋಪುರದ ಎತ್ತರಕ್ಕಿಂತ ಮೊದಲು ಇದನ್ನೇ ಬರೆಯುತ್ತೇನೆ.

1405ರಲ್ಲಿ ಊರು ವೆನಿಸ್ ಕೈಗೆ ಹೋಯಿತು. ಮುಂದೆ ಪಕ್ಕದ ಊರು ಪೆಸ್ಕಿಯೆರಾ ದೊಡ್ಡ ಕೋಟೆಯಾದ ಮೇಲೆ ಸಿರ್ಮಿಯೋನೆಯ ಮಹತ್ವ ಇಳಿಯಿತು.

ತುದಿಯಲ್ಲಿರುವ ರೋಮನ್ ಬಂಗಲೆಯ ಅವಶೇಷವನ್ನು ಸದ್ಯಕ್ಕೆ ಬಿಟ್ಟಿದ್ದೇನೆ. ರೋಮನ್ ಕವಿ ಕತುಲ್ಲಸ್‌ನ ಹೆಸರು ಅಂಟಿಕೊಂಡಿದ್ದರೂ ಕಟ್ಟಿದ್ದು ಅವನು ಸತ್ತ ಮೇಲೆ. ಅದು 167 ಮೀಟರ್ ಉದ್ದ, 105 ಮೀಟರ್ ಅಗಲ. ನನ್ನ ಅಳತೆಗೆ 67 ಸೆಂ.ಮೀ.! ಅದಕ್ಕೆ ಬೇರೆ ಹಲಗೆಯೇ ಬೇಕು.

ಮುಂದಿನ ಕೆಲಸ ನೀರು. ಕೋಟೆಯ ಸುತ್ತ ತಳ ಕಾಣುವಷ್ಟು ತಿಳಿಹಸಿರು, ದೂರಕ್ಕೆ ಹೋದಂತೆ ನೀಲಿ. ರೆಸಿನ್ ಸುರಿಯುವ ಮೊದಲು ಗೋಡೆಯ ಬುಡಕ್ಕೆಲ್ಲ ಎರಡು ಕೋಟ್ ವಾರ್ನಿಷ್ ಹೊಡೆಯಬೇಕು, ಇಲ್ಲದಿದ್ದರೆ ಬೋರ್ಡು ಹೀರಿಕೊಂಡು ಕಪ್ಪಾಗುತ್ತದೆ. ಯಾರಾದರೂ ರೆಸಿನ್‌ಗೆ ಹಸಿರು ಬಣ್ಣ ಬೆರೆಸಿದ್ದರೆ ಎಷ್ಟು ಹನಿ ಹಾಕಿದಿರಿ ಅಂತ ದಯವಿಟ್ಟು ತಿಳಿಸಿ.